ಮಕ್ಕಳ ತಲೆಯ ಹುಳುಕಡ್ಡಿ: ಮುಲಾಮು ಸಾಲದು

ಮಗುವಿನ ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ, ಆ ಜಾಗದಲ್ಲಿ ಹೊಟ್ಟು ಮತ್ತು ಮುರಿದ ಕೂದಲಿನ ಕಪ್ಪು ಚುಕ್ಕೆಗಳು ಕಂಡರೆ ಹುಳುಕಡ್ಡಿಯ ಶಂಕೆ ಬರಬೇಕು. ವೈದ್ಯಕೀಯದಲ್ಲಿ ಇದು ಟೀನಿಯಾ ಕ್ಯಾಪಿಟಿಸ್. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ಕಾರಣ ಟ್ರೈಕೋಫೈಟಾನ್, ಮೈಕ್ರೋಸ್ಪೋರಮ್ ಗುಂಪಿನ ಶಿಲೀಂಧ್ರಗಳು. ಚರ್ಮ, ಕೂದಲುಗಳಲ್ಲಿರುವ ಕೆರಾಟಿನ್ ಇವುಗಳ ಆಹಾರ.

ಹಲವರು ಎಡವುವುದು ಚಿಕಿತ್ಸೆಯ ವಿಷಯದಲ್ಲಿ. ಮೈಮೇಲಿನ ಉಂಗುರದಂಥ ಕಲೆಗೆ ಕ್ಲೋಟ್ರಿಮಝೋಲ್‌ನಂಥ ಮುಲಾಮು 2ರಿಂದ 4 ವಾರ ಹಚ್ಚಿದರೆ ಸಾಮಾನ್ಯವಾಗಿ ಸಾಕು. ತಲೆಯ ಸೋಂಕು ಕೂದಲಿನ ಬುಡಕ್ಕೇ ಇಳಿದಿರುತ್ತದೆ, ಮುಲಾಮು ಅಲ್ಲಿಗೆ ತಲುಪದು. ವೈದ್ಯರು ಮಗುವಿನ ತೂಕ ನೋಡಿ ಗ್ರಿಸಿಯೋಫುಲ್ವಿನ್ ಅಥವಾ ಟರ್ಬಿನಾಫಿನ್ ಅನ್ನು ವಾರಗಟ್ಟಲೆ ನುಂಗಲು ಕೊಡುತ್ತಾರೆ. ಗ್ರಿಸಿಯೋಫುಲ್ವಿನ್ 1939ರಲ್ಲಿ ಪೆನಿಸಿಲಿಯಮ್ ಎಂಬ ಇನ್ನೊಂದು ಶಿಲೀಂಧ್ರದಿಂದಲೇ ದೊರೆತದ್ದು.

ನಿಜಕ್ಕೂ ಆತಂಕ ಹುಟ್ಟಿಸುವುದು ಔಷಧಿ ಅಂಗಡಿಯಲ್ಲಿ ಬಾಯಿಮಾತಲ್ಲೇ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಕ್ರೀಮು. ತುರಿಕೆ ಬೇಗ ಅಡಗುತ್ತದೆ, ಕೆಂಪು ಮಾಸುತ್ತದೆ. ಸೋಂಕು ಮಾತ್ರ ಹರಡುತ್ತಲೇ ಇರುತ್ತದೆ. ಎಳೆಯ ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಷೆಡ್ಯೂಲ್ ಎಚ್ ಪಟ್ಟಿಗೆ ತಂದಿತು.

ಬಾಚಣಿಗೆ, ಟವೆಲು, ಟೋಪಿ ಪ್ರತಿ ಮಗುವಿಗೂ ಬೇರೆಯೇ ಇರಬೇಕು. ಸ್ನಾನದ ನಂತರ ಕಂಕುಳು, ತೊಡೆಸಂದು ಒಣಗುವಂತೆ ಒರೆಸಬೇಕು. ಬೆಕ್ಕಿನ ಮರಿಯಿಂದಲೂ ಸೋಂಕು ಬರುತ್ತದೆ. ಅದರ ಮೈಯಲ್ಲಿ ಕೂದಲು ಉದುರಿದ ಮಚ್ಚೆ ಕಂಡರೆ ಪಶುವೈದ್ಯರಿಗೆ ತೋರಿಸಬೇಕು. ಔಷಧ ಶುರುವಾದ ಮೇಲೆ ಮಗುವನ್ನು ಶಾಲೆ ಬಿಡಿಸಬೇಕಾಗಿಲ್ಲ.