ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ನೋವು: ಬೆನ್ನಿನ ಸೂಜಿ ಮತ್ತು ಮೊದಲ ರಾತ್ರಿಯ ಕಾವಲು

ಅರುವತ್ತು ದಾಟಿದ ಗಂಡಸರು ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಧಾರೆ ಸಣ್ಣಗಾಗುವುದು, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಎನಿಸುವುದು ಯಾವ ಮನೆಗೂ ಹೊಸ ವಿಷಯವಲ್ಲ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು ಇದಕ್ಕೆ ಸಾಮಾನ್ಯ ಕಾರಣ. ಆರಂಭದಲ್ಲಿ ಹೆಚ್ಚಿನವರಿಗೆ ಮಾತ್ರೆ ಸಾಕಾಗುತ್ತದೆ. ಆದರೆ ಮೂತ್ರ ಪೂರ್ತಿ ಕಟ್ಟಿ ನಳಿಕೆ ಹಾಕಬೇಕಾಗಿ ಬಂದರೆ ಅಥವಾ ಮೂತ್ರಪಿಂಡಗಳು ಸೊರಗತೊಡಗಿದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. ಆ ಹಂತದಲ್ಲಿ ಮಾಜೂನು, ಜೋಶಾಂದಗಳನ್ನು ಕೊಟ್ಟು ದಿನ ದೂಡುವುದು ಯುನಾನಿ ವೈದ್ಯರಾದ ನಮಗೂ ಶೋಭೆಯಲ್ಲ.

ದೋಣಿಮಲೈ ಸುತ್ತಮುತ್ತಲ ಹಿರಿಯರು ಹೊಸಪೇಟೆಗೋ ತೋರಣಗಲ್ಲಿಗೋ ಬಳ್ಳಾರಿಗೋ ಹೋಗಲು ಹಿಂಜರಿಯುವುದು ಖರ್ಚಿನ ಕಾರಣಕ್ಕೆ ಮಾತ್ರವಲ್ಲ. ‘ನೋವು ತಡೆಯಲಾಗದಂತೆ, ಬೆನ್ನಿಗೆ ಸೂಜಿ ಚುಚ್ಚುತ್ತಾರಂತೆ’ ಎಂಬ ಮಾತು ಕಿವಿಯಿಂದ ಕಿವಿಗೆ ದಾಟಿರುತ್ತದೆ. ಆ ನೋವನ್ನು ತಗ್ಗಿಸುವ ಔಷಧವನ್ನೂ ಅದೇ ಸೂಜಿಯಲ್ಲಿ ಕೊಡಬಹುದು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಮೂತ್ರನಾಳದ ಮೂಲಕ ಗ್ರಂಥಿಯನ್ನು ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಸೊಂಟದಿಂದ ಕೆಳಗಷ್ಟೇ ಮರಗಟ್ಟಿಸುತ್ತಾರೆ. ಸೊಂಟದ ಮಟ್ಟದಲ್ಲಿ, ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ, ತೆಳುವಾದ ಸೂಜಿಯಿಂದ ಔಷಧವನ್ನು ಹುರಿಯ ಸುತ್ತಲಿನ ದ್ರವಕ್ಕೆ ಸೇರಿಸುತ್ತಾರೆ. ಸೂಜಿ ಹುರಿಗೆ ಚುಚ್ಚುತ್ತದೆ ಎಂಬ ಭಯ ಬೇಡ. ಜರ್ಮನಿಯ ಆಗಸ್ಟ್ ಬೀರ್ 1898ರಲ್ಲಿ ಆರಂಭಿಸಿದ ಪದ್ಧತಿ ಇದು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅದು ಜೀವಮಾನದ ಬೆನ್ನುನೋವಲ್ಲ. ಕೆಲವರಿಗೆ ಎದ್ದು ಕುಳಿತಾಗ ಹೆಚ್ಚಾಗಿ, ಮಲಗಿದಾಗ ಇಳಿಯುವ ತಲೆನೋವು ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ವೈದ್ಯರಿಗೆ ತಿಳಿಸಿ.

ಮರಗಟ್ಟಿಸುವ ಔಷಧದ ಪ್ರಭಾವ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ನೋವು ಶುರುವಾಗುವುದು ಆಗ. ಅದಕ್ಕಾಗಿ ಅರಿವಳಿಕೆ ವೈದ್ಯರು ಕೆಲವೊಮ್ಮೆ ಅದೇ ಸೂಜಿಯಲ್ಲಿ ಮಾರ್ಫಿನ್ ಅಥವಾ ಫೆಂಟಾನಿಲ್ ಬೆರೆಸುತ್ತಾರೆ. ನೋವಿನ ಸುದ್ದಿ ಮಿದುಳಿಗೆ ಹೋಗುವ ಮುನ್ನ ಬೆನ್ನುಹುರಿಯ ಹಿಂಭಾಗದ ಕೋಶಗಳನ್ನು ದಾಟಬೇಕು. ಔಷಧ ಅಲ್ಲೇ ಬಾಗಿಲು ಹಾಕುತ್ತದೆ. ಕಾಲಿನ ಬಲಕ್ಕೆ ಅದರಿಂದ ಧಕ್ಕೆಯಿಲ್ಲ. ಇದನ್ನು 1976ರಲ್ಲಿ ಇಲಿಗಳಲ್ಲಿ ತೋರಿಸಿದರು, 1979ರಲ್ಲಿ ಕ್ಯಾನ್ಸರ್ ರೋಗಿಗಳಿಗೆ ಬಳಸಿದರು. ಪ್ರಮಾಣ ನೋಡಿ: ರಕ್ತನಾಳಕ್ಕೆ ಕೊಡುವಾಗ ಮಾರ್ಫಿನ್ ಮಿಲಿಗ್ರಾಂ ಲೆಕ್ಕದಲ್ಲಿ ಬೇಕು, ಬೆನ್ನಿಗೆ 0.1 ಮಿಲಿಗ್ರಾಂನ ಆಸುಪಾಸು ಸಾಕು. ಅಷ್ಟು ಸಣ್ಣ ಹನಿ ಸುಮಾರು ಒಂದು ದಿನ ನೋವನ್ನು ತಡೆಯಬಲ್ಲದು. ಫೆಂಟಾನಿಲ್‌ನ ಪ್ರಭಾವ ಬೇಗ ಬಂದು ಕೆಲವು ಗಂಟೆಗಳಲ್ಲಿ ಹೋಗುತ್ತದೆ.

ಮಾರ್ಫಿನ್ ಅಫೀಮಿನಿಂದ ಬರುವ ವಸ್ತು. ನಮ್ಮ ತಿಬ್ಬಿಗೂ ಅಫೀಮು ಅಪರಿಚಿತವಲ್ಲ. ಮರಗಟ್ಟಿಸುವ ಔಷಧಿಗಳಿಗೆ ಮುಖದ್ದಿರ್ ಎಂದು ಹೆಸರು. ಇಬ್ನ್ ಸೀನಾರ ‘ಅಲ್ ಖಾನೂನ್’ ಗ್ರಂಥದಲ್ಲೂ ಅಫೀಮು ಆ ಸಾಲಿನಲ್ಲಿದೆ. ಹಾಗಾದರೆ ಇದು ನಶೆಯಲ್ಲವೇ, ಚಟ ಹಿಡಿಯದೇ ಎಂದು ಮನೆಯವರು ಕೇಳುತ್ತಾರೆ. ವೈದ್ಯರ ಕೈಯಿಂದ ಒಂದೇ ಸಲ, ಅಳತೆಯಿಂದ, ನೋವಿಗಾಗಿ ಕೊಟ್ಟ ಹನಿಯಿಂದ ಚಟ ಹುಟ್ಟುವುದಿಲ್ಲ. 1985ರ ಮಾದಕ ದ್ರವ್ಯ ಕಾನೂನಿನ ಹಿಡಿತ ಬಿಗಿಯಾಗಿದ್ದ ಕಾರಣ ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡಲು ಹಿಂಜರಿದವು. ವೈದ್ಯಕೀಯ ಬಳಕೆ ಸುಲಭವಾಗಲೆಂದು 2014ರಲ್ಲಿ ಕಾನೂನಿಗೆ ತಿದ್ದುಪಡಿ ತಂದರು. ಸಬ್ರ್ ಮಾಡಬೇಕೆಂದು ನೋವನ್ನು ನುಂಗಿಕೊಂಡು ಕೂರುವ ಹಿರಿಯರಿಗೆ ಒಂದು ಮಾತು: ನೋವಿನಿಂದ ರಕ್ತದೊತ್ತಡ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ. ಅದರಿಂದ ಯಾರಿಗೂ ಲಾಭವಿಲ್ಲ.

ಹಾಗೆಂದು ಎಲ್ಲರಿಗೂ ಇದು ಬೇಕೆಂದಿಲ್ಲ. ಗ್ರಂಥಿಯನ್ನು ಕೆರೆದು ತೆಗೆದವರಲ್ಲಿ ಹಲವರಿಗೆ ಪ್ಯಾರಾಸಿಟಮಾಲ್‌ನಂತಹ ಸರಳ ಔಷಧ ಸಾಕು. ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ, ಕ್ಯಾನ್ಸರ್‌ಗಾಗಿ ಇಡೀ ಗ್ರಂಥಿ ತೆಗೆಯುವಾಗ ಇದರ ಉಪಯೋಗ ಹೆಚ್ಚು. ನಿರ್ಧಾರ ಅರಿವಳಿಕೆ ವೈದ್ಯರದು. ಅವರು ಸರಿಯಾಗಿ ನಿರ್ಧರಿಸಬೇಕಾದರೆ ನೀವು ಎಲ್ಲವನ್ನೂ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ, ನಿದ್ದೆಯ ಮಾತ್ರೆ, ಗೊರಕೆಯ ನಡುವೆ ಉಸಿರು ನಿಲ್ಲುವ ಅಭ್ಯಾಸ, ಬೀಡಿ, ಹಳೆಯ ಕೆಮ್ಮು ಯಾವುದನ್ನೂ ಬಿಡಬೇಡಿ. ಗಣಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಂತೂ ಅದನ್ನು ಹೇಳಲೇಬೇಕು, ಶ್ವಾಸಕೋಶದ ಬಲ ಇಲ್ಲಿ ಮುಖ್ಯ. ಹಕೀಮರು ಕೊಟ್ಟ ಔಷಧಿಯ ಹೆಸರನ್ನೂ ಮುಚ್ಚಿಡಬೇಡಿ. ನಾವು ಬೇಸರಪಡುವುದಿಲ್ಲ.

ಇನ್ನು ಹೆಚ್ಚು ಎಚ್ಚರ ಬೇಕಾದ ಭಾಗ. ಮಾರ್ಫಿನ್ ನೀರಿನಲ್ಲಿ ಬೆರೆಯುವ ಗುಣದ್ದು. ಹಾಗಾಗಿ ಅದು ಬೆನ್ನಿನ ದ್ರವದಲ್ಲೇ ಉಳಿದು ನಿಧಾನವಾಗಿ ಮೇಲಕ್ಕೆ, ಉಸಿರಾಟವನ್ನು ನಡೆಸುವ ಮಿದುಳಿನ ಭಾಗದ ಕಡೆಗೆ ಏರುತ್ತದೆ. ಅಪರೂಪವಾದರೂ ಉಸಿರು ಮಂದವಾಗುವ ಅಪಾಯ ಚುಚ್ಚಿದ ತಕ್ಷಣಕ್ಕಿಂತ ಹಲವು ಗಂಟೆಗಳ ನಂತರ, ಅಂದರೆ ಬಹುಪಾಲು ರಾತ್ರಿಯ ಹೊತ್ತಿಗೆ ಇರುತ್ತದೆ. ‘ಅಬ್ಬ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ’ ಎಂದು ಮಕ್ಕಳು ಹೊರಗೆ ಚಹಾ ಕುಡಿಯಲು ಹೋಗುವ ಹೊತ್ತೂ ಅದೇ. ನರ್ಸುಗಳು ನೋಡುತ್ತಿರುತ್ತಾರೆ, ನೀವೂ ನೋಡಿ. ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸಿ. 10ಕ್ಕಿಂತ ಕಡಿಮೆಯಿದ್ದರೆ, ಕರೆದರೆ ಕಣ್ಣು ತೆರೆಯದಿದ್ದರೆ ಅಥವಾ ಮಾತು ತೊದಲಿ ಮತ್ತೆ ಮಂಪರಿಗೆ ಜಾರಿದರೆ ಕೂಡಲೇ ಕರೆಯಿರಿ. ನಲಾಕ್ಸೋನ್ ಎಂಬ ಔಷಧ ಈ ಪ್ರಭಾವವನ್ನು ಬೇಗನೆ ತೆಗೆಯುತ್ತದೆ. ಮನೆಯಿಂದ ತಂದ ನಿದ್ದೆಯ ಮಾತ್ರೆ ಆ ರಾತ್ರಿ ಬೇಡವೇ ಬೇಡ. ಎರಡೂ ಸೇರಿದರೆ ಉಸಿರು ಇನ್ನಷ್ಟು ಕುಗ್ಗುತ್ತದೆ.

ಮೂಗು, ಮುಖ ತುರಿಸಿದರೆ ಅಲರ್ಜಿ ಎಂದು ಗಾಬರಿಯಾಗಬೇಡಿ, ಈ ಔಷಧದ ಸಾಮಾನ್ಯ ಗುಣವದು. ವಾಕರಿಕೆಯೂ ಬರಬಹುದು. ಹೇಳಿದರೆ ಎರಡಕ್ಕೂ ಔಷಧ ಕೊಡುತ್ತಾರೆ. ಮಾರ್ಫಿನ್ ಮೂತ್ರವನ್ನೂ ಕಟ್ಟಿಸುತ್ತದೆ. ಪ್ರಾಸ್ಟೇಟ್ ರೋಗಿಗೆ ನಳಿಕೆ ಇರುವುದರಿಂದ ಮೊದಲ ದಿನ ಅದು ತೊಂದರೆ ಕೊಡುವುದಿಲ್ಲ. ಆದರೆ ನಳಿಕೆಯ ಕಡೆಗೆ ಗಮನವಿರಲಿ. ರಕ್ತದ ಹೆಪ್ಪು ಸಿಕ್ಕಿಕೊಂಡರೆ ಮೂತ್ರಕೋಶ ಉಬ್ಬುತ್ತದೆ. ನೋವು ತಿಳಿಯದಂತೆ ಔಷಧ ಕೊಟ್ಟಿರುವಾಗ ರೋಗಿ ಅದನ್ನು ಬೇಗ ಹೇಳಲಾರರು. ಚೀಲಕ್ಕೆ ಹರಿವು ನಿಂತಿದ್ದರೆ, ಕೆಳಹೊಟ್ಟೆ ಗಟ್ಟಿಯಾಗಿದ್ದರೆ ನೋವಿನ ಔಷಧ ಕೇಳುತ್ತಾ ಕೂರದೆ ನರ್ಸನ್ನು ಕರೆಯಿರಿ. ನಳಿಕೆಯಿದ್ದೂ ಮೂತ್ರ ಬಂದಂತೆ ಅನಿಸುವುದು ಮೂತ್ರಕೋಶದ ಸೆಳೆತ. ಆಗ ತಿಣುಕಬಾರದು, ರಕ್ತ ಹೆಚ್ಚುತ್ತದೆ.

ನಳಿಕೆಯಿಂದ ಸದಾ ಮೂತ್ರ ಹರಿಯುತ್ತಿರುವಾಗ ನಮಾಝ್ ಹೇಗೆ ಎಂಬ ಚಿಂತೆ ಹಿರಿಯರನ್ನು ಕಾಡುತ್ತದೆ. ಹನಫಿ ಮಝ್‌ಹಬ್‌ನಲ್ಲಿ ಇಂಥವರು ಮಅ್‌ಝೂರ್. ಪ್ರತಿ ನಮಾಝಿನ ವೇಳೆಗೆ ಹೊಸ ವುಝೂ ಮಾಡಿ, ಮಲಗಿದಲ್ಲೇ ಸನ್ನೆಯಿಂದಲಾದರೂ ನಿರ್ವಹಿಸಬಹುದು. ವಿವರವನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನವೇ ಕೇಳಿಕೊಳ್ಳಿ. ವುಝೂವಿಗೆಂದು ರೋಗಿಯನ್ನು ಮೊದಲ ದಿನ ಒಬ್ಬರೇ ಬಚ್ಚಲಿಗೆ ಕಳುಹಿಸಬೇಡಿ, ಕಾಲಿಗೆ ಬಲ ಬಂದಂತೆ ಕಂಡರೂ ತಲೆ ಸುತ್ತಿ ಬೀಳುವುದುಂಟು.

ಮಲಬದ್ಧತೆಯಾಗದಂತೆ ನೋಡಿಕೊಳ್ಳಿ. ವೈದ್ಯರು ಊಟಕ್ಕೆ ಅನುಮತಿ ಕೊಟ್ಟ ಮೇಲೆ ಅವರನ್ನು ಕೇಳಿ, ರಾತ್ರಿ ಒಂದೆರಡು ಚಮಚ ಇಸಬ್‌ಗೋಲು ಒಂದು ದೊಡ್ಡ ಲೋಟ ನೀರಿನೊಂದಿಗೆ ಕೊಡಬಹುದು. ನೆನೆಸಿದ ಅಂಜೂರವೂ ಆದೀತು. ಸಕ್ಕರೆ ಕಾಯಿಲೆ ಇದ್ದವರಿಗೆ ಗುಲ್ಕಂದ್ ಬೇಡ.