ಹಳೆ ಪಿಕಪ್ಪಿಗೆ ಹೊಸ ಎಂಜಿನ್: ಗ್ಯಾರೇಜಿನ ಒಂಬತ್ತು ಪಾಠಗಳು

ಅಮೆರಿಕದಲ್ಲಿ ಹಳೆ ಗಾಡಿಯ ಹುಚ್ಚು ಹತ್ತಿದವರಿಗೆ ಷೆವರ್ಲೆ 3100 ಪಿಕಪ್ ಟ್ರಕ್ ಎಂದರೆ ಪ್ರಾಣ. 1947ರಿಂದ 1955ರ ಆರಂಭದವರೆಗೆ ತಯಾರಾದ, ಉಬ್ಬಿದ ಮಡ್‌ಗಾರ್ಡಿನ ಗಾಡಿ ಅದು. ಹೆಚ್ಚಿನ ವರ್ಷಗಳಲ್ಲಿ ಅದಕ್ಕಿದ್ದ 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ನಿನ ಶಕ್ತಿ ಸುಮಾರು 90 ಎಚ್‌ಪಿ. ಅದನ್ನು ಇಳಿಸಿ, 1999ರ ನಂತರದ ಸಿಲ್ವರಾಡೊ ಪಿಕಪ್ಪಿನಲ್ಲಿ ಬಂದ 5.3 ಲೀಟರಿನ ವಿ8 ಎಂಜಿನ್ನನ್ನೂ 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೂ ಕೂರಿಸುವುದು ಈಗ ರೂಢಿಯಾಗಿದೆ. ಕ್ಯಾಲಿಫೋರ್ನಿಯಾದ ನನ್ನ ಗ್ಯಾರೇಜಿನಲ್ಲಿ ಹೆಚ್ಚಾಗಿ ನಡೆಯುವುದು ಇದೇ ಕೆಲಸ. ಎಂಜಿನ್ ಒಳಗೆ ಇಳಿಸುವುದು ಒಂದು ಮಧ್ಯಾಹ್ನದ ಕೆಲಸ. ಅದು ಎಲ್ಲಿ, ಎಷ್ಟು ಓರೆಯಾಗಿ, ಯಾವುದಕ್ಕೆ ಹೊಂದಿಕೊಂಡು ಕೂರಬೇಕು ಎಂದು ಗೊತ್ತುಮಾಡುವುದೇ ಉಳಿದೆಲ್ಲ ಕೆಲಸ.

1. ಬ್ರೇಕ್ ಮೊದಲು, ಎಂಜಿನ್ ಆಮೇಲೆ

5.3 ಎಂಜಿನ್, ತಯಾರಾದ ವರ್ಷಕ್ಕೆ ತಕ್ಕಂತೆ, 270ರಿಂದ 295 ಎಚ್‌ಪಿ ಕೊಡುತ್ತದೆ. ಹಳೆ ಎಂಜಿನ್ನಿನ ಮೂರು ಪಟ್ಟು. ಹಳೆ ಬ್ರೇಕಿನ ಮಾಸ್ಟರ್ ಸಿಲಿಂಡರ್ ಇರುವುದು ಕಾಲಡಿಯ ಹಲಗೆಯ ಕೆಳಗೆ, ಅದೂ ಒಂದೇ ಸರ್ಕ್ಯೂಟಿನದು. ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್ ಹಾಕಿಸಲು ಒಪ್ಪದವರಿಗೆ ನಾನು ಎಂಜಿನ್ ಕೂರಿಸಿ ಕೊಡುವುದಿಲ್ಲ. ಜಾಗದ ಲೆಕ್ಕಕ್ಕೂ ಇದೇ ಕ್ರಮ ಒಳ್ಳೆಯದು. ಬ್ರೇಕ್ ಪೈಪು, ಬೂಸ್ಟರ್ ಎಲ್ಲಿ ಬರುತ್ತವೆ ಎಂದು ತಿಳಿದ ಮೇಲೆಯೇ ಸೈಲೆನ್ಸರ್ ಪೈಪಿಗೆ ದಾರಿ ಬಿಡಲು ಸಾಧ್ಯ.

2. ಎಂಜಿನ್ ಒಂದನ್ನೇ ಕೊಳ್ಳಬೇಡಿ

ಎಂಜಿನ್ ತರುವುದೆಂದರೆ ಬೀಗರನ್ನು ಕರೆದಂತೆ, ಒಬ್ಬರೇ ಬರುವುದಿಲ್ಲ. ಗೇರ್‌ಬಾಕ್ಸ್, ವೈರಿಂಗ್, ಕಂಪ್ಯೂಟರ್, ಆಕ್ಸಿಲರೇಟರ್ ಪೆಡಲ್, ಸೆನ್ಸರುಗಳು, ಆಲ್ಟರ್ನೇಟರ್ ಬ್ರ್ಯಾಕೆಟ್ ಎಲ್ಲವೂ ಒಂದೇ ಗಾಡಿಯದಾಗಿರಲಿ. ಕೇಬಲ್ ಇಲ್ಲದ, ವೈರಿನಲ್ಲೇ ನಡೆಯುವ ಥ್ರಾಟಲ್ ಇದ್ದರೆ ಪೆಡಲ್, ಅದರ ನಿಯಂತ್ರಣ ಪೆಟ್ಟಿಗೆ, ಕಂಪ್ಯೂಟರ್ ಮೂರೂ ಒಂದಕ್ಕೊಂದು ಹೊಂದಲೇಬೇಕು. ಗುಜರಿಯಲ್ಲಿ ಬಿಡಿಬಿಡಿಯಾಗಿ ಅಗ್ಗಕ್ಕೆ ಕೊಂಡ ಸಾಮಾನು ಕೊನೆಗೆ ದುಬಾರಿಯಾಗುತ್ತದೆ. ಕಳ್ಳತನ ತಡೆಯುವ ಕೀಲಿ ವ್ಯವಸ್ಥೆಯನ್ನು ಕಂಪ್ಯೂಟರಿನಲ್ಲೇ ತೆಗೆಸಬೇಕು. ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗಿ ಮರುಕ್ಷಣವೇ ನಿಂತುಹೋಗುತ್ತದೆ.

3. ಗಾಡಿ ತನ್ನ ಎತ್ತರದಲ್ಲಿ ನಿಂತಿರಲಿ

ಬರಿಯ ಚಾಸಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಅಳತೆ ತೆಗೆದರೆ ಆ ಅಳತೆ ಸುಳ್ಳು. ಓಡಿಸುವ ಟೈರುಗಳು, ಸ್ಪ್ರಿಂಗುಗಳು, ಹೊಸ ರಬ್ಬರ್ ಬುಷ್ ಮೇಲೆ ಕೂತ ಕ್ಯಾಬಿನ್, ರೇಡಿಯೇಟರ್, ಮುಂದಿನ ಗ್ರಿಲ್, ಬಾನೆಟ್ ಎಲ್ಲವೂ ಇರಲಿ. ಹಳೆ ರಬ್ಬರ್ ಕೊಳೆತು ಕ್ಯಾಬಿನ್ ಅರ್ಧ ಇಂಚು ಕುಸಿದಿರುವುದು ಸಾಮಾನ್ಯ. ಹೊಸ ರಬ್ಬರ್ ಹಾಕಿದಾಗ ಆ ಅರ್ಧ ಇಂಚು ಮೇಲೇಳುತ್ತದೆ, ಆಗ ನೀವು ಮಾಡಿದ ಸ್ಟೀರಿಂಗ್ ಜೋಡಣೆ ಕೆಡುತ್ತದೆ.

4. ಖಾಲಿ ಬ್ಲಾಕ್ ಇಟ್ಟು ಜಾಗ ನೋಡಿ

ಒಳಗೇನೂ ಇಲ್ಲದ ಬ್ಲಾಕ್, ಹೆಡ್ಡುಗಳು, ಎಣ್ಣೆ ಸಂಪ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಖಾಲಿ ಗೇರ್‌ಬಾಕ್ಸ್ ಕೇಸ್ ಜೋಡಿಸಿ ಇಳಿಸಿ. ಮೂರು ಕಡೆ ಹೆಚ್ಚು ತಕರಾರು. ಒಂದು, ಎಡ ಮ್ಯಾನಿಫೋಲ್ಡಿಗೂ ಸ್ಟೀರಿಂಗ್ ಬಾಕ್ಸಿಗೂ ನಡುವೆ. ಎರಡು, ಸಂಪಿನ ಕೆಳಗೆ. ಸಿಲ್ವರಾಡೊದ ಸಂಪ್ ಆಳವಾಗಿದ್ದು ಚಾಸಿಗಿಂತ ಕೆಳಗೆ ಜೋಲುತ್ತದೆ. ಅದಕ್ಕೆ 1998ರಿಂದ 2002ರವರೆಗಿನ ಕಮಾರೊ ಕಾರಿನ ಸಂಪನ್ನು ಹಲವರು ಹಾಕುತ್ತಾರೆ. ಮೂರು, ಹೆಡ್ಡುಗಳ ಹಿಂಬದಿಗೂ ಕ್ಯಾಬಿನ್ನಿನ ಗೋಡೆಗೂ ನಡುವೆ. ಅಲ್ಲಿ ಕೈ ಹೋಗಿ ಕೊನೆಯ ಪ್ಲಗ್ ಬಿಚ್ಚುವಂತಿರಬೇಕು. ಎಂಜಿನ್ ಎಳೆಯುವಾಗ ರಬ್ಬರ್ ಮೌಂಟಿನ ಮೇಲೆ ಒಂದು ಕಡೆಗೆ ಹೊರಳುತ್ತದೆ, ಆದ್ದರಿಂದ ಯಾವ ಕಡೆಯೂ ತಾಗಿಕೊಂಡಂತೆ ಬಿಡಬೇಡಿ. ಬ್ರ್ಯಾಕೆಟ್ಟುಗಳಿಗೆ ಈ ಹಂತದಲ್ಲಿ ಟ್ಯಾಕ್ ಮಾತ್ರ ಹಾಕಿ. ಪೂರ್ತಿ ವೆಲ್ಡಿಂಗ್ ಎಲ್ಲ ಅಳತೆ ಮುಗಿದ ಮೇಲೆ.

5. ಕೋನ ತಪ್ಪಿದರೆ ಗಾಡಿ ನಡುಗುತ್ತದೆ

ಹೆಚ್ಚು ಜನ ಎಡವುವುದು ಇಲ್ಲಿ. ಎಂಜಿನ್ನೂ ಗೇರ್‌ಬಾಕ್ಸೂ ಹಿಂಬದಿಗೆ ಸುಮಾರು 3 ಡಿಗ್ರಿ ಇಳಿಜಾರಾಗಿ ಕೂರಬೇಕು. ಹಿಂದಿನ ಆಕ್ಸಲ್ಲಿನ ಪಿನಿಯನ್ ಅದಕ್ಕೆ ಸಮಾಂತರವಾಗಿ, ಮೂತಿ 3 ಡಿಗ್ರಿ ಮೇಲಕ್ಕೆ ಇರಬೇಕು. ಹಾಗಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಯುನಿವರ್ಸಲ್ ಜಾಯಿಂಟುಗಳು ಒಂದೇ ಕೋನದಲ್ಲಿ ತಿರುಗುತ್ತವೆ. ಮುಂದಿನ ಜಾಯಿಂಟ್ ಒಂದು ಸುತ್ತಿನಲ್ಲಿ ಹುಟ್ಟಿಸುವ ವೇಗದ ಏರಿಳಿತವನ್ನು ಹಿಂದಿನದು ಅಳಿಸುತ್ತದೆ. ಕೋನ ಸೊನ್ನೆಯೂ ಆಗಬಾರದು. ಸೂಜಿ ಬೇರಿಂಗ್ ಸ್ವಲ್ಪವಾದರೂ ಆಡದಿದ್ದರೆ ಒಂದೇ ಜಾಗದಲ್ಲಿ ಸವೆದು ಗುಳಿ ಬೀಳುತ್ತದೆ. ಪ್ರತಿ ಜಾಯಿಂಟಿಗೆ 1ರಿಂದ 3 ಡಿಗ್ರಿ ಇದ್ದರೆ ಸಾಕು.

ಬೇರೆ ಕಡೆ ಎಂಜಿನ್ ಬದಲಿಸಿಕೊಂಡು ನನ್ನ ಗ್ಯಾರೇಜಿಗೆ ಬಂದ ಒಂದು ಪಿಕಪ್ ಗಂಟೆಗೆ 55 ಮೈಲಿ ದಾಟಿದರೆ ಸೀಟು ನಡುಗಿಸುತ್ತಿತ್ತು. ಮಾಲೀಕರು ಟೈರು ಬದಲಿಸಿ, ಶಾಫ್ಟ್ ಬ್ಯಾಲೆನ್ಸ್ ಮಾಡಿಸಿ ಸೋತಿದ್ದರು. ಕೋನಮಾಪಕ ಇಟ್ಟೆ. ಗೇರ್‌ಬಾಕ್ಸ್ 3 ಡಿಗ್ರಿ, ಶಾಫ್ಟ್ 4 ಡಿಗ್ರಿ ಇಳಿಜಾರು, ಪಿನಿಯನ್ ಮಟ್ಟವಾಗಿ ಸೊನ್ನೆ. ಅಂದರೆ ಮುಂದಿನ ಜಾಯಿಂಟಿನ ಕೋನ 1, ಹಿಂದಿನದು 4. ಪಟ್ಟಾ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ 3 ಡಿಗ್ರಿಯ ಉಕ್ಕಿನ ಬೆಣೆ ಹಾಕಿದೆ. ಪಿನಿಯನ್ನಿನ ಮೂತಿ ಎದ್ದು ಹಿಂದಿನ ಕೋನವೂ 1ಕ್ಕೆ ಬಂತು, ನಡುಕ ಹೋಯಿತು.

6. ಕನ್ವರ್ಟರ್ ಮೂರು ಸಲ ಕೂರಬೇಕು

ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಟಾರ್ಕ್ ಕನ್ವರ್ಟರ್ ಹಾಕುವ ಮುಂಚೆ ಅದರೊಳಗೆ ಒಂದು ಲೀಟರಿನಷ್ಟು ಆಯಿಲ್ ಸುರಿಯಿರಿ. ತಿರುಗಿಸುತ್ತಾ ಒಳಕ್ಕೆ ತಳ್ಳಿದಾಗ ಅದು ಮೂರು ಸಲ ಟಕ್ ಎಂದು ಒಳಗೆ ಇಳಿಯಬೇಕು: ಇನ್‌ಪುಟ್ ಶಾಫ್ಟಿಗೆ ಒಮ್ಮೆ, ಸ್ಟೇಟರ್ ಶಾಫ್ಟಿಗೆ ಒಮ್ಮೆ, ಪಂಪಿನ ಹಲ್ಲಿಗೆ ಕೊನೆಯದಾಗಿ. ಮೂರನೆಯದು ಕೂತಿಲ್ಲವೆಂದರೆ ಬೆಲ್ ಹೌಸಿಂಗಿಗೂ ಬ್ಲಾಕಿಗೂ ನಡುವೆ ಸಂದು ಉಳಿಯುತ್ತದೆ. ಆಗ ಸ್ಪ್ಯಾನರ್ ತಿರುಗಿಸಿ ಬೋಲ್ಟಿನ ಬಲದಿಂದ ಎಳೆದರೆ ಪಂಪ್ ಒಡೆಯುವುದು ಖಂಡಿತ. ಬೆಲ್ ಹೌಸಿಂಗ್ ಕೈಬಲದಲ್ಲೇ ಬ್ಲಾಕಿಗೆ ಒತ್ತಿ ಕೂರಬೇಕು. ಕೂತ ಮೇಲೆ ಕನ್ವರ್ಟರ್ ಸಲೀಸಾಗಿ ತಿರುಗಬೇಕು, ಅದಕ್ಕೂ ಫ್ಲೆಕ್ಸ್ ಪ್ಲೇಟಿಗೂ ನಡುವೆ 3ರಿಂದ 5 ಮಿ.ಮೀ. ಸಂದು ಇರಬೇಕು. ಅದನ್ನು ನೋಡಿದ ಮೇಲೆಯೇ ಕನ್ವರ್ಟರನ್ನು ಮುಂದಕ್ಕೆ ಎಳೆದು ಬೋಲ್ಟ್ ಹಾಕಿ.

7. ಆಕ್ಸಲ್ ಅನುಪಾತದ ಲೆಕ್ಕ ಮಾಡಿ

1954ರವರೆಗಿನ 3100ರಲ್ಲಿ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿರುತ್ತದೆ. ಹೊಸ ಗೇರ್‌ಬಾಕ್ಸಿಗೆ ಅದು ಹೊಂದುವುದಿಲ್ಲ, ಹಿಂದಿನ ಆಕ್ಸಲ್ಲೂ ಬದಲಾಗಬೇಕು. ವೇಗವನ್ನು ಅನುಪಾತದಿಂದಲೂ 336ರಿಂದಲೂ ಗುಣಿಸಿ, ಟೈರಿನ ಇಂಚಿನ ವ್ಯಾಸದಿಂದ ಭಾಗಿಸಿ, ಆರ್‌ಪಿಎಂ ಸಿಗುತ್ತದೆ. 28 ಇಂಚಿನ ಟೈರು, 60 ಮೈಲಿ ವೇಗ, ಹಳೆಯ 4.11 ಅನುಪಾತ ಇದ್ದಾಗ ನೇರ ಗೇರಿನಲ್ಲಿ ಸುಮಾರು 2,960 ಆಗುತ್ತಿತ್ತು. 4ಎಲ್60ಇಯ ನಾಲ್ಕನೇ ಗೇರ್ 0.70. ಅದರ ಜತೆ 3.73 ಅನುಪಾತದ ಆಕ್ಸಲ್ ಹಾಕಿದರೆ ಅದೇ ವೇಗಕ್ಕೆ ಸುಮಾರು 1,880. ನೆಮ್ಮದಿಯಾಗಿ ಹೆದ್ದಾರಿ ಹಿಡಿಯಬಹುದು. ಕೊಳ್ಳುವಾಗ ಚಕ್ರದ ಬೋಲ್ಟುಗಳನ್ನೂ ಎಣಿಸಿ. ಹಳೆ ಪಿಕಪ್ಪಿಗೆ ಆರು, ಎಷ್ಟೋ ಕಾರಿನ ಆಕ್ಸಲ್ಲಿಗೆ ಐದು. ಮುಂದೆ ಆರು, ಹಿಂದೆ ಐದು ಆದರೆ ಒಂದು ಸ್ಟೆಪ್ನಿ ಸಾಲದು.

8. ಪೆಟ್ರೋಲ್, ನೀರು, ಕರೆಂಟು

ಹಳೆ ಕಾರ್ಬುರೇಟರಿಗೆ ಕೆಲವೇ ಪಿಎಸ್ಐ ಒತ್ತಡ ಸಾಕಿತ್ತು, ಈ ಎಂಜಿನ್ನಿಗೆ 58 ಪಿಎಸ್ಐ ಬೇಕು. 1949ರ ನಂತರದ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆ, ಕ್ಯಾಬಿನ್ನಿನೊಳಗೇ ಇದೆ. ಅದನ್ನು ತೆಗೆದು, ಒಳಗೇ ಪಂಪ್ ಇರುವ ಟ್ಯಾಂಕನ್ನು ಹಿಂಭಾಗದ ಚಾಸಿಗೆ ಕಟ್ಟಿ. ಹೆಡ್ಡುಗಳ ಮೇಲಿನ ಸಣ್ಣ ಹಬೆ ಪೈಪನ್ನು ಮುಚ್ಚದೆ ರೇಡಿಯೇಟರಿನ ಮೇಲ್ಭಾಗಕ್ಕೆ ಜೋಡಿಸಿ, ಇಲ್ಲವಾದರೆ ಒಳಗೆ ಹಬೆ ಸಿಕ್ಕಿಕೊಂಡು ಎಂಜಿನ್ ಕಾಯುತ್ತದೆ. 6 ವೋಲ್ಟಿನ ಹಳೆ ವೈರಿಂಗನ್ನು ಪೂರ್ತಿ ಕಿತ್ತು 12 ವೋಲ್ಟಿಗೆ ತನ್ನಿ. ಎಂಜಿನ್ನೂ ಕ್ಯಾಬಿನ್ನೂ ರಬ್ಬರಿನ ಮೇಲೆ ಕೂತಿರುವುದರಿಂದ ಬ್ಲಾಕಿನಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್ನಿಗೆ ದಪ್ಪ ಅರ್ಥ್ ಪಟ್ಟಿ ಬೇಕೇ ಬೇಕು. ಕಂಪ್ಯೂಟರ್ ಕೆಟ್ಟಿದೆ ಎಂದು ತರುವ ಗಾಡಿಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ಈ ಅರ್ಥ್.

9. ಕಾಗದಪತ್ರ ಕೊನೆಗಲ್ಲ, ಮೊದಲಿಗೆ

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ನಾವು ಈ ಕೆಲಸ ಮಾಡುತ್ತಿರುವುದು ಆ ಧೈರ್ಯದ ಮೇಲೆ. ಎಂಜಿನ್ನಿನ ರಸೀದಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಬೇಕು. ಊರಿನಿಂದ ಫೋನ್ ಮಾಡಿ, ಅಜ್ಜನ ಜೀಪಿಗೆ ಬೇರೆ ಎಂಜಿನ್ ಹಾಕಬಹುದೇ ಎಂದು ಕೇಳುವ ಹುಡುಗರಿಗೆ ನಾನು ಹೇಳುವುದು ಬೇರೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಹಳೆ ಎಂಜಿನ್ ಇಳಿಸುವ ಮುಂಚೆ ಆರ್‌ಸಿ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ, ಏನು ಮಾಡಬಹುದು ಎಂದು ಬರಹದಲ್ಲಿ ಪಡೆದುಕೊಳ್ಳಿ. ಅಲ್ಲಿ ಒಪ್ಪಿಗೆ ಸಿಗದಿದ್ದರೆ ಇದ್ದ ಎಂಜಿನ್ನನ್ನೇ ಬಿಚ್ಚಿ ರಿಪೇರಿ ಮಾಡಿಸಿ.