ಸಹಾಯಧನದ ಲೆಕ್ಕ: ರಸೀದಿಯಿಂದ ಗ್ರಾಮಸಭೆಯವರೆಗೆ

“ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ” ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ರಸಗೊಬ್ಬರ, ಬಿತ್ತನೆ ಬೀಜ, ಹನಿ ನೀರಾವರಿ, ಔಷಧಿ, ಆಸ್ಪತ್ರೆಯ ಚಿಕಿತ್ಸೆ ಮುಂತಾದವುಗಳಿಗೆ ಸರ್ಕಾರವು ಪ್ರತಿ ವರ್ಷ ಅಪಾರ ಹಣ ವೆಚ್ಚ ಮಾಡುತ್ತದೆ. ಆದರೆ ಹಣ ಯಾರ ಹೆಸರಿನಲ್ಲಿ ಖರ್ಚಾಯಿತೋ ಅವರಿಗೇ ಅದರ ಪ್ರಯೋಜನ ತಲುಪಿತೇ? ಇದಕ್ಕೆ ಉತ್ತರ ಹೇಳುವ ಹೊಣೆ ಸರ್ಕಾರದ್ದು; ಕೇಳುವ ಹಕ್ಕು ರೈತನದು. ಕೇಳಬೇಕಾದರೆ ಕೈಯಲ್ಲಿ ದಾಖಲೆ ಇರಬೇಕು. ಆ ದಾಖಲೆ ಹುಟ್ಟುವುದು ದೂರದ ಕಚೇರಿಯಲ್ಲಲ್ಲ. ಗೊಬ್ಬರದ ಅಂಗಡಿಯಲ್ಲಿ ಮತ್ತು ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ.

ಯೂರಿಯಾ ಚೀಲದ ಹಿಂದಿನ ಹಣ

45 ಕಿ.ಗ್ರಾಂ ಯೂರಿಯಾ ಚೀಲದ ನಿಗದಿತ ದರ 242 ರೂಪಾಯಿ. ಬೇವಿನ ಲೇಪನದ ವೆಚ್ಚ ಮತ್ತು ತೆರಿಗೆ ಸೇರಿ ರೈತನು ಕೊಡುವುದು ಸುಮಾರು 267 ರೂಪಾಯಿ. ಆ ಚೀಲದ ನಿಜವಾದ ವೆಚ್ಚ ಇದರ ಹಲವು ಪಟ್ಟು. ಉಳಿದುದನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 2022-23ರಲ್ಲಿ ರಸಗೊಬ್ಬರಗಳ ಸಹಾಯಧನಕ್ಕೆ ಆದ ವೆಚ್ಚ ಸುಮಾರು 2.5 ಲಕ್ಷ ಕೋಟಿ ರೂಪಾಯಿ.

ಈ ಹಣ ರೈತನ ಕೈಗೆ ಬರುವುದಿಲ್ಲ. ಗೊಬ್ಬರ ಕಂಪನಿಗೆ ಸಲ್ಲುತ್ತದೆ. ಹಿಂದೆ ಗೊಬ್ಬರವು ಜಿಲ್ಲೆಗೆ ಬಂದು ತಲುಪಿದರೆ ಸಹಾಯಧನದ ಬಹುಪಾಲು ಬಿಡುಗಡೆಯಾಗುತ್ತಿತ್ತು. ಅಲ್ಲಿಂದ ಮುಂದೆ ಅದು ಹೊಲಕ್ಕೆ ಹೋಯಿತೋ ಬೇರೆಡೆಗೆ ಹೋಯಿತೋ ತಿಳಿಯುವುದು ಕಷ್ಟವಾಗಿತ್ತು. 2018ರ ವೇಳೆಗೆ ದೇಶದಾದ್ಯಂತ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ, ಅಂಗಡಿಯ ಪಿ.ಒ.ಎಸ್. ಯಂತ್ರದಲ್ಲಿ ಕೊಳ್ಳುವವರ ಗುರುತು ಮತ್ತು ಚೀಲಗಳ ಸಂಖ್ಯೆ ದಾಖಲಾದ ಮೇಲೆಯೇ ಕಂಪನಿಗೆ ಹಣ ಸಂದಾಯವಾಗುತ್ತದೆ. ಅಂದರೆ ರೈತನು ಒತ್ತಿದ ಬೆರಳ ಗುರುತೇ ಸರ್ಕಾರಿ ಖಜಾನೆಗೆ ಹೋಗುವ ಹಣದ ಚೀಟಿ.

ಒಂದು ಉದಾಹರಣೆ

ಒಂದು ಎಕರೆಯಲ್ಲಿ ಮಳೆಯಾಶ್ರಿತ ರಾಗಿ ಬೆಳೆಯುವ ರೈತನನ್ನು ತೆಗೆದುಕೊಳ್ಳೋಣ. ಈ ಬೆಳೆಗೆ ಹೆಕ್ಟೇರಿಗೆ 50 ಕಿ.ಗ್ರಾಂ, ಅಂದರೆ ಎಕರೆಗೆ 20 ಕಿ.ಗ್ರಾಂ ಸಾರಜನಕ ಬೇಕು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿರುವುದರಿಂದ 45 ಕಿ.ಗ್ರಾಂ ಚೀಲವೊಂದರಲ್ಲಿ 20.7 ಕಿ.ಗ್ರಾಂ ದೊರೆಯುತ್ತದೆ. ಆದುದರಿಂದ ಒಂದು ಚೀಲ ಸಾಕು. ಡಿ.ಎ.ಪಿ. ಅಥವಾ ಸಂಯುಕ್ತ ಗೊಬ್ಬರ ಹಾಕಿದ್ದರೆ ಇನ್ನೂ ಕಡಿಮೆ ಸಾಕಾಗುತ್ತದೆ.

ಈ ರೈತನು ಒಂದು ಚೀಲ ಕೊಂಡು, ಬೆರಳೊತ್ತಿ, ರಸೀದಿ ಕೇಳದೆ ಹೊರಟನೆಂದು ಭಾವಿಸೋಣ. ಯಂತ್ರದಲ್ಲಿ 5 ಚೀಲ ಎಂದು ದಾಖಲಾದರೆ ಉಳಿದ 4 ಚೀಲಗಳು ಕಾಗದದ ಮೇಲೆ ಅವನ ಹೊಲ ಸೇರಿದವು, ಸಹಾಯಧನವೂ ಸಂದಾಯವಾಯಿತು. ಯೂರಿಯಾವನ್ನು ಪ್ಲೈವುಡ್ ಅಂಟಿನ ತಯಾರಿಕೆಗೆ ಕಳ್ಳತನದಿಂದ ಸಾಗಿಸುವುದುಂಟು. ಹಾಲಿಗೆ ಕಲಬೆರಕೆ ಮಾಡುವವರೂ ಇದ್ದಾರೆ. ಹೊಲಕ್ಕೆಂದು ಕೊಟ್ಟ ಸಹಾಯಧನ ಮಕ್ಕಳ ಲೋಟಕ್ಕೆ ವಿಷವಾಗಿ ಬರುವ ದಾರಿ ಇದು. ಇದನ್ನು ತಡೆಯಲೆಂದೇ 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನ ಲೇಪನವನ್ನು ಕಡ್ಡಾಯ ಮಾಡಲಾಯಿತು. ಆದರೆ ಲೇಪನವೊಂದೇ ಕಾವಲಾಗಲಾರದು.

ನಷ್ಟ ಹಣದ್ದು ಮಾತ್ರವಲ್ಲ. ಆ 4 ಚೀಲ ನೆರೆಯವರ 4 ಎಕರೆ ರಾಗಿಗೆ ಬೇಕಾಗಿತ್ತು. ಬಿತ್ತಿದ ಒಂದು ತಿಂಗಳಿಗೆ ಹದವಾದ ಮಳೆ ಬಿದ್ದು ಮೇಲುಗೊಬ್ಬರ ಕೊಡಬೇಕಾದಾಗ “ದಾಸ್ತಾನಿಲ್ಲ” ಎಂಬ ಉತ್ತರ ಬಂದರೆ, ಕಳೆದುಹೋದ ಆ ಹದವನ್ನು ಯಾವ ಸಹಾಯಧನವೂ ಹಿಂದಕ್ಕೆ ತರಲಾರದು. ಎಲ್ಲ ವ್ಯಾಪಾರಿಗಳೂ ಹೀಗೆ ಮಾಡುತ್ತಾರೆಂದಲ್ಲ. ರಸೀದಿ ಸರಿಯಾಗಿದ್ದರೆ ಪ್ರಾಮಾಣಿಕ ವ್ಯಾಪಾರಿಗೂ ಅದೇ ರಕ್ಷೆ.

ನೀತಿಯ ಲೆಕ್ಕವೂ ಕೇಳಬೇಕು

ಹಣ ಸೋರದಿದ್ದರೂ ಯೋಜನೆ ತಪ್ಪು ದಾರಿ ಹಿಡಿಯಬಹುದು. 1992ರ ಆಗಸ್ಟ್‌ನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣವನ್ನು ತೆಗೆಯಲಾಯಿತು. ಯೂರಿಯಾ ಮಾತ್ರ ನಿಯಂತ್ರಣದಲ್ಲಿ ಉಳಿಯಿತು. ಅಗ್ಗದ ಗೊಬ್ಬರದ ಕಡೆಗೆ ರೈತರು ವಾಲಿದರು. ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಬಳಕೆಯ ಅನುಪಾತ 1991-92ರಲ್ಲಿ 5.9:2.4:1 ಇದ್ದುದು 1992-93ರಲ್ಲಿ 9.5:3.2:1ಕ್ಕೆ ಏರಿತು. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಜಾರಿಗೆ ಬಂದಾಗಲೂ ಯೂರಿಯಾ ಅದರ ಹೊರಗೇ ಉಳಿಯಿತು. ಸಾರಜನಕ ಅತಿಯಾದ ಬತ್ತದ ಗದ್ದೆಯಲ್ಲಿ ಪೈರು ಮಲಗುವುದು, ಬೆಂಕಿ ರೋಗ ಮತ್ತು ಕಂದು ಜಿಗಿಹುಳು ಹೆಚ್ಚುವುದು ರೈತರಿಗೆ ಗೊತ್ತೇ ಇದೆ. ಹೀಗೆ ಕಡತದಲ್ಲಿ ಆದ ತಪ್ಪಿಗೆ ಮಣ್ಣು ದಂಡ ತೆರುತ್ತದೆ.

ಆರೋಗ್ಯ ಯೋಜನೆಗಳಲ್ಲಿಯೂ ಇದೇ ಪಾಠ

ಆಯುಷ್ಮಾನ್ ಭಾರತ್ ಯೋಜನೆಯು 2018ರಲ್ಲಿ ಪ್ರಾರಂಭವಾಯಿತು. ಇದರಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಇಲ್ಲಿಯೂ ಹಣ ಹೋಗುವುದು ಆಸ್ಪತ್ರೆಗೆ, ರೋಗಿಯ ಹೆಸರಿನ ದಾಖಲೆಯ ಮೇಲೆ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು 2023ರಲ್ಲಿ ಸಲ್ಲಿಸಿದ ವರದಿಯಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ಸಂಖ್ಯೆ, ಅದೂ ಹತ್ತು ಒಂಬತ್ತುಗಳ ಸಂಖ್ಯೆ, ನಮೂದಾಗಿರುವುದನ್ನು ತೋರಿಸಿದರು. ಫಲಾನುಭವಿಯನ್ನು ಗುರುತಿಸಲು ಮೊಬೈಲ್ ಸಂಖ್ಯೆ ಅಗತ್ಯವಿಲ್ಲವೆಂದು ಸರ್ಕಾರ ಉತ್ತರ ಕೊಟ್ಟಿತು. ಅದು ಸರಿಯಿದ್ದರೂ, ತನ್ನ ಹೆಸರಿನಲ್ಲಿ ಏನು ಬರೆಯಲಾಗಿದೆ ಎಂಬ ಸುದ್ದಿ ರೋಗಿಗೆ ತಲುಪುವ ಒಂದು ದಾರಿ ಅಲ್ಲಿ ಮುಚ್ಚಿಹೋಯಿತು.

ಹಳ್ಳಿಯ ಮಟ್ಟದಲ್ಲಿ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ನೀಡಲು ಅವಕಾಶವಿದೆ. ನೈರ್ಮಲ್ಯ, ಸೊಳ್ಳೆ ನಿಯಂತ್ರಣ ಮುಂತಾದ ಕೆಲಸಗಳಿಗೆ ಇದನ್ನು ಬಳಸಬಹುದು. ಮೊತ್ತ ಚಿಕ್ಕದು, ಆದುದರಿಂದಲೇ ಊರಿನವರು ಲೆಕ್ಕ ಕೇಳಿ ಅಭ್ಯಾಸ ಮಾಡಿಕೊಳ್ಳಲು ಇದು ಅನುಕೂಲ.

ಲೆಕ್ಕ ಕೇಳಿದವರು

1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಜನರನ್ನು ಸೇರಿಸಿ, ಸರ್ಕಾರಿ ಕಾಮಗಾರಿಗಳ ಲೆಕ್ಕವನ್ನು ಗಟ್ಟಿಯಾಗಿ ಓದಿಸಿತು. ಯಾರ ಹೆಸರಿನಲ್ಲಿ ಕೂಲಿ ಬರೆಯಲಾಗಿತ್ತೋ ಅವರೇ ಎದುರಿಗೆ ಕುಳಿತಿದ್ದರು. ಆದುದರಿಂದ ಸುಳ್ಳು ಅಲ್ಲಿಯೇ ಬಯಲಾಯಿತು. ಇಂತಹ ಹೋರಾಟಗಳ ಫಲವಾಗಿ 2005ರಲ್ಲಿ ಮಾಹಿತಿ ಹಕ್ಕು ಅಧಿನಿಯಮ ದೇಶಕ್ಕೆ ಬಂದಿತು. ಅದರ 4ನೇ ಪ್ರಕರಣದ ಪ್ರಕಾರ ಸಹಾಯಧನ ಕಾರ್ಯಕ್ರಮಗಳ ಜಾರಿಯ ವಿಧಾನ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರಗಳನ್ನು ಇಲಾಖೆಗಳು ಯಾರೂ ಕೇಳದೆಯೇ ಪ್ರಕಟಿಸಬೇಕು.

ರೈತರು ಗಮನದಲ್ಲಿಡಬೇಕಾದ ಅಂಶಗಳು

1. ಗೊಬ್ಬರ ಕೊಂಡಾಗ ರಸೀದಿ ಪಡೆಯಿರಿ. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಬಿಲ್ಲು ಕೊಡುವುದು, ದಾಸ್ತಾನು ಮತ್ತು ದರಗಳ ಫಲಕ ಹಾಕುವುದು ವ್ಯಾಪಾರಿಯ ಕರ್ತವ್ಯ.

2. ಅಂಗಡಿ ಬಿಡುವ ಮೊದಲೇ ಚೀಲಗಳ ಸಂಖ್ಯೆ, ಗೊಬ್ಬರದ ಹೆಸರು ಮತ್ತು ದರವನ್ನು ರಸೀದಿಯೊಡನೆ ತಾಳೆ ನೋಡಿರಿ. ಓದು ಬಾರದವರು ಮನೆಯ ಮಕ್ಕಳಿಂದ ಓದಿಸಬಹುದು.

3. ಬೇರೆ ಸಾಮಗ್ರಿ ಕೊಂಡರೆ ಮಾತ್ರ ಯೂರಿಯಾ ಎಂದು ಒತ್ತಾಯಿಸಿದರೆ, ಅಥವಾ ದರ ಹೆಚ್ಚು ಕೇಳಿದರೆ, ರೈತ ಸಂಪರ್ಕ ಕೇಂದ್ರಕ್ಕೆ ಇಲ್ಲವೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

4. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಬಿಡುಗಡೆ ಪತ್ರ ಪಡೆದು, ದಾಖಲಾದ ದಿನಾಂಕ ಮತ್ತು ಚಿಕಿತ್ಸೆಯ ಹೆಸರು ಸರಿಯಿದೆಯೇ ನೋಡಿರಿ.

5. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರದಂತಿರಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಮನವಿ ಸಲ್ಲಿಸಬಹುದು. ಇತರರ ಖಾಸಗಿ ವಿವರ ದೊರೆಯದಿರಬಹುದು; ತಮ್ಮ ಹೆಸರಿನ ದಾಖಲೆಯನ್ನೂ ಊರಿನ ಒಟ್ಟು ಲೆಕ್ಕವನ್ನೂ ಕೇಳಿರಿ.

6. ಗ್ರಾಮಸಭೆಗೆ ಒಬ್ಬರೇ ಹೋಗುವ ಬದಲು ನಾಲ್ಕಾರು ಮಂದಿ ತಮ್ಮ ತಮ್ಮ ರಸೀದಿಗಳೊಡನೆ ಹೋಗಿರಿ. ದೂಷಣೆಗಿಂತ ದಾಖಲೆಗೆ ಬೆಲೆ ಹೆಚ್ಚು.

ಬಿತ್ತಿದ ಮೇಲೆ ಹೊಲದ ಕಡೆಗೆ ತಿರುಗಿ ನೋಡದ ರೈತನಿಲ್ಲ. ತನ್ನ ಹೆಸರಿನಲ್ಲಿ ಸರ್ಕಾರ ಖರ್ಚು ಮಾಡಿದ ಹಣದ ಕಡೆಗೂ ಅದೇ ಎಚ್ಚರವಿರಬೇಕು. ಗೊಬ್ಬರದ ರಸೀದಿ ಮತ್ತು ಆಸ್ಪತ್ರೆಯ ಚೀಟಿಗಳನ್ನು ಪಹಣಿ ಪತ್ರಿಕೆಯ ಜೊತೆಯಲ್ಲಿಯೇ ಜೋಪಾನವಾಗಿ ಇಟ್ಟುಕೊಳ್ಳುವುದು ಇದರ ಮೊದಲ ಹೆಜ್ಜೆ.